ಜುಟ್ಟಿಗೆ ಮಲ್ಲಿಗೆ

ಸಲ್ಮಾಬಾದಿನ ಗ್ಯಾರೇಜು ಸಾಲಿನಲ್ಲಿ ಏಳನೆಯ ಶಟರು.
ಗುಲ್ ಜಮಾನ್ ಬಸ್ಸಿಗೆ ಒಂದು ಸುತ್ತು ಬಂದ,
ಬೆರಳ ಗಿಣ್ಣಿನಲ್ಲಿ ಅಲ್ಲಲ್ಲಿ ತಟ್ಟಿದ,
ಹಲಸು ಹಣ್ಣಾಯಿತೇ ಎಂದು ಕೇಳುವವರ ಹಾಗೆ.
ಟಣ್ ಅಂದಲ್ಲಿ ತಗಡು.
ದಬ್ ಅಂದಲ್ಲಿ ಹಳೆಯ ಪುಟ್ಟಿ.
ಏನೂ ಅನ್ನದೆ ಬೆರಳು ಒಳಗೇ ಹೋದಲ್ಲಿ
ಇಬ್ಬರೂ ಬೇರೆ ಕಡೆ ನೋಡಿದೆವು.

ಸಿಮೆಂಟು ಚೀಲದ ಹರುಕಿನ ಮೇಲೆ ಲೆಕ್ಕ ಬರೆದ.
ಅವನ ಉರ್ದು, ನನ್ನ ಹಿಂದಿ;
ದಿನಾರಿನ ಮಾತಿಗೆ ಅಷ್ಟು ಸಾಕು.
ತುಕ್ಕು ಕೆರೆಯಲು ನೂರ ಎಂಬತ್ತು.
ಪುಟ್ಟಿ, ಅದನ್ನು ಉಜ್ಜುವ ಕೈ, ಉಜ್ಜಿದ್ದನ್ನು ಮತ್ತೆ ಉಜ್ಜುವ ಕೈ
ಇನ್ನೂರ ಹತ್ತು.
ಗಾಜು ಬಿಚ್ಚಿ ಕೂರಿಸಲು ತೊಂಬತ್ತು,
ರಬ್ಬರು ಹರಿದರೆ ನನ್ನ ಹಣೆಬರಹ.
ಪ್ರೈಮರು ಎಪ್ಪತ್ತು. ಮಾಡಿಗೆ ನೂರ ಹತ್ತು.
'ಬಣ್ಣ?' ಅಂದೆ.
'ನೂರ ಇಪ್ಪತ್ತು. ಬಣ್ಣ ಅಗ್ಗ, ಭಾಯಿ.
ಬಣ್ಣ ನಿಲ್ಲುವ ಜಾಗ ದುಬಾರಿ.'

ಒಟ್ಟು ಏಳುನೂರ ಎಂಬತ್ತು.
ಬಸ್ಸಿಗೆ ಕೊಟ್ಟದ್ದೇ ಸಾವಿರದ ಒಂಬೈನೂರು, ಅದೂ ಆರು ಕಂತಿನಲ್ಲಿ.
ಇಪ್ಪತ್ತೇಳು ವರ್ಷದ ಟಾಟಾ,
ನನ್ನ ಮಗಳಿಗಿಂತ ಮೂರು ವರ್ಷ ದೊಡ್ಡದು.
ಅವಳಿಗೂ ಈಗ ಲೆಕ್ಕ ಹಾಕುತ್ತಿದ್ದಾರೆ, ಸೀರೆ, ಹಾಲು, ಊಟ;
ಆ ಚೀಲದ ಹರುಕು ಬೇರೆ ಇದೆ.

ಕಂಪನಿಯ ಹೊಸ ಮ್ಯಾನೇಜರು ಹೇಳಿದ್ದಿಷ್ಟು:
'ಗ್ರೆಗರಿ, ನಿನ್ನ ಬಸ್ಸು ಮುಂದೆ ನಿಂತರೆ
ನಮ್ಮ ಬೋರ್ಡಿಗೇ ನಾಚಿಕೆ.
ಬಣ್ಣ ಹೊಡೆಸು, ಇಲ್ಲವೇ ಹಿಂದಿನ ಗೇಟಿಗೆ ಬಾ.'

'ಮಾಡು ಬಿಟ್ಟುಬಿಡೋಣ,' ಅಂದ ಗುಲ್, ನನ್ನ ಮುಖ ನೋಡಿ.
'ನೂರ ಹತ್ತು ಉಳಿಯಿತು. ಮಾಡು ಯಾರು ನೋಡ್ತಾರೆ?'

ಏಣಿ ಹತ್ತಿದೆ, ಆರು ವರ್ಷದಲ್ಲಿ ಮೊದಲ ಸಲ.
ಮೇ ತಿಂಗಳ ಹನ್ನೊಂದು ಗಂಟೆ.
ಕೈ ಇಟ್ಟೆ,
ತೆಗೆದೆ.
ಸೀದ ದೋಸೆಯ ತಳದ ಹಾಗೆ ಕಂದು, ಪುಡಿಪುಡಿ;
ನಡುವೆ ಪಾರಿವಾಳದ ಒಂದು ಗರಿ
ಬೆಂದು ಅಂಟಿಕೊಂಡಿತ್ತು.
ಇದರ ಕೆಳಗೆ ನಲವತ್ತೆರಡು ಸೀಟು.
ಸಂಜೆ ಸಿತ್ರಾದಿಂದ ಹಿಂದಿರುಗುವಾಗ
ನಲವತ್ತೆರಡು ತಲೆ, ಒದ್ದೆ ಟವೆಲ್ಲು ಹೊದ್ದು.
ಎಸಿ ಇರುವುದು ಕಾಗದದಲ್ಲಿ.
ಕೊನೆಯ ಸೀಟಿನ ಬಿಹಾರದ ಹುಡುಗ ಒಮ್ಮೆ ಕೇಳಿದ್ದ:
'ಮೇಲೆ ಯಾರಾದರೂ ರೊಟ್ಟಿ ಸುಡ್ತಿದ್ದಾರಾ, ಗ್ರೆಗರಿ ಭಾಯಿ?'

ಶಂಕರಪುರದ ಜಗಲಿಯಲ್ಲಿ ಹೂ ಕಟ್ಟುತ್ತ
ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ
ಅಮ್ಮ ಅನ್ನುತ್ತಿದ್ದಳು, ಯಾರದೋ ಹೊಸ ಸೀರೆ ಕಂಡರೆ:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಅವರಿವರ ಜುಟ್ಟಿನ ಅದೇ ಮಲ್ಲಿಗೆಯಿಂದ
ನಮ್ಮ ಹೊಟ್ಟೆಗೆ ಹಿಟ್ಟು ಎಂಬುದು
ಅವಳಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ
ಬಾಯಲ್ಲಿ ನಾರಿತ್ತು.

ಇಳಿದು ಹೇಳಿದೆ: 'ಮಾಡು ಮಾತ್ರ. ಪಕ್ಕೆ ಬೇಡ.'
ಗುಲ್ ಜಮಾನ್ ನಕ್ಕ,
ನಕ್ಕು ಪ್ರೈಮರು ಕಲಸುತ್ತಿದ್ದ ತೋಫಜ್ಜಲನನ್ನು ಕರೆದ,
ಅವನೂ ನಗಲಿ ಎಂದು.
ಮಾಡು ಒಂದಕ್ಕೇ ಆದರೆ ನೂರ ಅರವತ್ತೈದು ಅಂದ,
ನೂರೈವತ್ತಕ್ಕೆ ಇಳಿದ. ಚಹಾ ಅವನದು.

ಎರಡು ಕೋಟು ಬಿಳಿ.
ಒಣಗುವಾಗ ನೋಡಲಾಗಲಿಲ್ಲ, ಕಣ್ಣಿಗೆ ಚುಚ್ಚಿತು.

ಈಗ ಹಿಂದಿನ ಗೇಟಿಗೆ ಹೋಗುತ್ತೇನೆ.
ಪಕ್ಕೆಯಲ್ಲಿ ಯಾವುದೋ ಶಾಲೆಯ ಹೆಸರಿನ ಅರ್ಧ,
ಕಾಲ ಬಳಿ ತುಕ್ಕಿನ ಕಸೂತಿ,
ತಲೆಯ ಮೇಲೆ ಒಂದು ಚೆಂಡು ಮಲ್ಲಿಗೆ.
ಮೂರನೇ ಮಹಡಿಯ ಕಿಟಕಿಯಿಂದ ಕಂಡ ಮ್ಯಾನೇಜರು
ಫೋನು ಮಾಡಿದ: 'ಶಹಬಾಸ್! ಪೂರ್ತಿ ಹೊಡೆಸಿದೆಯಾ?'
ಕೆಳಗೆ ಬರಬೇಡಿ ಸಾರ್, ಬಿಸಿಲು, ಅಂದೆ.

ತಂಪಾಯಿತೇ ಎಂದು ನಾನಾಗಿ ಕೇಳಲಿಲ್ಲ.
ನಾಲ್ಕನೆಯ ದಿನ ಕೊನೆಯ ಸೀಟಿನಿಂದ ಬಂತು:
'ರೊಟ್ಟಿ ಇನ್ನೂ ಸುಡ್ತಿದ್ದಾರೆ, ಭಾಯಿ.
ಉರಿ ಮಾತ್ರ ಸಣ್ಣ ಮಾಡಿದ್ದಾರೆ.'